ಮಾರಿಷಸ್ಸಿನ ಬ್ಯಾಂಕಿನಲ್ಲೊಂದು ಒಡಪು

ಫ್ಲಿಕ್ ಆನ್ ಫ್ಲಾಕ್, ಬೆಳಿಗ್ಗೆ

ಆ ದಿನವೂ ನನಗೆ ಎಚ್ಚರವಾದದ್ದು ಬ್ರೆಡ್ಡಿನವನ ಹಾರ್ನಿಗೆ. ಮೊಪೆಡ್ಡಿನ ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡು ಬರುವ ಅವನು ಪ್ರತಿ ಗೇಟಿನ ಮುಂದೆಯೂ ಒಮ್ಮೆ ಪೀಂ ಅನ್ನಿಸುತ್ತಾನೆ. ಜನ ಕಣ್ಣುಜ್ಜುತ್ತ ಹೊರಗೆ ಬಂದು, ಮೊಳದುದ್ದದ ಬ್ರೆಡ್ಡನ್ನು ಛತ್ರಿಯ ಹಾಗೆ ಕಂಕುಳಲ್ಲಿ ಇರುಕಿಕೊಂಡು ಒಳಗೆ ಹೋಗುತ್ತಾರೆ. ಕಾಗದವಿಲ್ಲ, ಚೀಲವಿಲ್ಲ. ಈ ಸಮುದ್ರದಂಡೆಯ ಊರಿಗೆ ಬಂದ ಹೊಸದರಲ್ಲಿ ನನಗೆ ಅದು ಸರಿ ಕಾಣಲಿಲ್ಲ. ಈಗ ಯಾರಾದರೂ ಬ್ರೆಡ್ಡನ್ನು ಕೈಯಲ್ಲಿ ಹಿಡಿದು ಒಯ್ದರೆ, ಇವರ್‍ಯಾರೋ ಪರವೂರಿನವರಿರಬೇಕು ಅನ್ನಿಸುತ್ತದೆ.

ನಾನು ಮಾತ್ರ ಎದ್ದ ಕೂಡಲೇ ಗ್ಯಾಸಿನ ಮೇಲೆ ಹಂಚು ಇಡುವವಳು. ನಿಪ್ಪಾಣಿಯಿಂದ ಹೊರಡುವಾಗ ಜೋಳದ ಹಿಟ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಸೀರೆಗಳ ನಡುವೆ ಇಟ್ಟು ತಂದಿದ್ದೆ. ಇಲ್ಲಿ ಮೊದಲ ಸಲ ರೊಟ್ಟಿ ಬಡಿದ ದಿನ ಪಕ್ಕದ ಮನೆಯ ಪ್ರೇಮಾ ಆಂಟಿ ಕಾಂಪೌಂಡ್ ಗೋಡೆಯ ಆಚೆಯಿಂದ ತಲೆ ಎತ್ತಿ ಕೇಳಿದ್ದರು: "ಬೇಟಿ, ಮನೆಯಲ್ಲಿ ಏನಾದರೂ ಮುರಿದಿದೆಯೇನು? ನನಗೆ ಗೊತ್ತಿರುವ ಬಡಗಿ ಒಬ್ಬನಿದ್ದಾನೆ." ಪ್ರೇಮಾ ಆಂಟಿಯ ಹಿರಿಯರು ಬಿಹಾರದಿಂದ ಹಡಗು ಹತ್ತಿ ಇಲ್ಲಿಗೆ ಕಬ್ಬು ಕಡಿಯಲು ಬಂದವರು. ಮನೆಮಂದಿಯೊಂದಿಗೆ ಈ ದ್ವೀಪದ ಕ್ರಿಯೋಲ್ ಮಾತಾಡುತ್ತಾರೆ, ನನ್ನೊಂದಿಗೆ ಭೋಜಪುರಿ ಬೆರೆಸಿದ ಹಿಂದಿ. ನಾನು ಅವರಿಗೆ ಒಂದು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕೊಟ್ಟೆ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಬೆಣ್ಣೆ ಹಚ್ಚಲಾ?" ಅಂದರು. ಈ ಊರಿನವರು ಯಾವುದಕ್ಕೂ ಬೆಣ್ಣೆ ಹಚ್ಚುತ್ತಾರೆ, ಹಸಿಮೆಣಸಿನಕಾಯಿ ವಡೆಗೂ ಕೂಡ.

ಯಜಮಾನರು ಸಮುದ್ರದಂಡೆಯಲ್ಲಿ ತಿರುಗಾಡಿ ಬಂದು, ಮೆಟ್ಟಿಲ ಮೇಲೆ ಚಪ್ಪಲಿ ಬಡಿದು ಮರಳು ಉದುರಿಸುತ್ತಿದ್ದರು. ಆ ಸಪ್ಪಳ ಕೇಳುತ್ತಲೇ ನಾನು ಚಹಾಕ್ಕೆ ಶುಂಠಿ ಜಜ್ಜುತ್ತೇನೆ. ಅವರು ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು. ಆಯುಷ್ಯವಿಡೀ ಕಬ್ಬಿನ ಸಿಪ್ಪೆಯ ಧೂಳು ಕುಡಿದ ಎದೆ. ಅದು ಸಾಲದೆಂಬಂತೆ ಹೋದ ವರ್ಷ ಕೊಲ್ಹಾಪುರದಲ್ಲಿ ಅದಕ್ಕೊಂದು ಸ್ಟೆಂಟ್ ಕೂಡಿಸಿದರು. ಹಿಂದೆ ಇಲ್ಲಿನ ಗಿರಣಿಯಲ್ಲಿ ಕೆಲಸ ಮಾಡಿ ಬಂದಿದ್ದ ಅವರ ಗೆಳೆಯರೊಬ್ಬರು, "ಆ ಊರಿನ ಗಾಳಿ ಒಮ್ಮೆ ಕುಡದು ನೋಡ್ರಿ" ಎಂದು ಹುಚ್ಚು ಹಿಡಿಸಿದರು. ಮಗಳು, "ಎರಡ ವರ್ಷ ಇದ್ದು ನೋಡ್ರಿ, ಬ್ಯಾಸರಾದ್ರ ಬರ್ರಿ" ಅಂದಳು. ಅಷ್ಟೇ, ಬಂದೆವು.

ಈ ದೇಶ ನಿವೃತ್ತರಾದ ಪರದೇಶದವರನ್ನು ಇರಗೊಡುತ್ತದೆ. ಆದರೆ ನಮ್ಮ ಖರ್ಚಿನ ಹಣ ತಿಂಗಳು ತಿಂಗಳು ಊರಿಂದ ಇಲ್ಲಿಯ ಬ್ಯಾಂಕಿಗೆ ಬರಬೇಕು. ಅಂದರೆ ಮೊದಲು ಖಾತೆ, ಆಮೇಲೆ ಉಳಿದದ್ದು. ಪ್ರವಾಸಿ ವೀಸಾ ಮುಗಿಯುತ್ತ ಬಂದಿತ್ತು. ಅವತ್ತೇ ನಮಗೆ ಬ್ಯಾಂಕಿನಲ್ಲಿ ಸಮಯ ಕೊಟ್ಟಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಯಜಮಾನರು ಒಂದೇ ಹಟ ಹಿಡಿದಿದ್ದಾರೆ. ಅವತ್ತೂ ರೊಟ್ಟಿ ಮುರಿಯುತ್ತ ಅದನ್ನೇ ಹೇಳಿದರು.

"ನೋಡು, ಪರದೇಶದಾಗ ನನಗೇನರೆ ಆದ್ರ ನೀ ಬ್ಯಾಂಕಿನ ಬಾಗಲದಾಗ ಕೈ ಕಟಗೊಂಡು ನಿಂದರಬಾರದು. ಖಾತೆದಾಗ ಇಬ್ಬರ ಹೆಸರೂ ಬರಬೇಕು. ನಿನ್ನ ಹೆಸರು ಹಾಕೂದಿಲ್ಲ ಅಂದ್ರ ನನಗ ಖಾತೆನೂ ಬ್ಯಾಡ, ಸಮುದ್ರನೂ ಬ್ಯಾಡ. ಗಂಟು ಕಟ್ಟಿ ನಿಪ್ಪಾಣಿಗೆ ನಡಿಯೂಣು."

"ಮುಂಜಾನೆ ಮುಂಜಾನೆ ಎಂಥಾ ಮಾತ್ರಿ? ಗುಳಿಗಿ ತಗೊಂಡ್ರೇನು?"

ನಾನು ಮಾತು ತಿರುಗಿಸಿದೆ. ನಿಜ ಹೇಳಬೇಕೆಂದರೆ, ನನಗೆ ನಿಪ್ಪಾಣಿಗೆ ನಡೆಯುವ ಮನಸ್ಸು ಸ್ವಲ್ಪವೂ ಇರಲಿಲ್ಲ. ರಾತ್ರಿ ಅವರು ಕೆಮ್ಮದೆ ಮಲಗುತ್ತಿದ್ದರು. ನಾನು ಸಂಜೆಗೊಮ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಸಮುದ್ರದಲ್ಲಿ ಮೊಣಕಾಲುಮಟ್ಟ ನಿಲ್ಲುತ್ತಿದ್ದೆ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಊರು ಬಿಟ್ಟು ಬಂದ ಹೆಂಗಸು ಊರನ್ನು ನೆನೆಸಿ ಅಳಬೇಕೆಂದು ಎಲ್ಲರೂ ಅಂದುಕೊಂಡಿರುವಾಗ, ನನಗಿಲ್ಲಿ ಭಾಳ ಛಲೋ ಅನಿಸುತ್ತಿದೆ ಎಂದು ಹೇಳುವುದಕ್ಕೆ ಒಂಥರಾ ನಾಚಿಕೆ.

ಬಸ್ಸಿನ ಕಿಟಕಿ

ಬ್ಯಾಂಕು ಇರುವ ಕಾತ್ರ್ ಬೋರ್ನ್ ಪಟ್ಟಣಕ್ಕೆ ಬಸ್ಸು ಕಬ್ಬಿನ ನಡುವೆಯೇ ಹೋಗುತ್ತದೆ. ಕಿಟಕಿಯ ಪಕ್ಕ ಕೂತರೆ, ಶಿರಗುಪ್ಪಿಯಿಂದ ಕಾಗವಾಡಕ್ಕೆ ಹೊರಟಂತೆಯೇ. ನಂತರ ಒಂದು ತಿರುವಿನಲ್ಲಿ ಚೂಪಾದ ಗುಡ್ಡವೊಂದು ಎದ್ದು ನಿಂತು ಇದು ಬೇರೆ ದೇಶ ಎಂದು ನೆನಪಿಸುತ್ತದೆ. ಹೊಲದ ನಡುನಡುವೆ ಕರಿಕಲ್ಲಿನ ರಾಶಿಗಳಿವೆ, ಮನೆಯೆತ್ತರ. ಹಿಂದಿನವರು ಕಬ್ಬು ಹಚ್ಚಲು ನೆಲ ಹಸನು ಮಾಡುವಾಗ ಬರಿಗೈಯಲ್ಲಿ ಆರಿಸಿ ಒಟ್ಟಿದ್ದಂತೆ. ಪ್ರೇಮಾ ಆಂಟಿಯ ಮುತ್ತಜ್ಜನೂ ಅದರಲ್ಲಿ ಕಲ್ಲು ಹೊತ್ತವನೇ. ಈಗ ಆ ರಾಶಿಗಳ ಮೇಲೆ ಗಿಡ ಬೆಳೆದು ಹಕ್ಕಿ ಕೂತಿರುತ್ತವೆ.

ನಮ್ಮಲ್ಲಿ ಮಳೆ ಸುರಿದು ಕಾರ್ಖಾನೆಗಳೆಲ್ಲ ಬಾಗಿಲು ಹಾಕಿರುವ ಆಷಾಢದಲ್ಲಿ ಇಲ್ಲಿ ಕಬ್ಬು ಕಟಾವು. ಒಂದು ಲಾರಿ ಕಬ್ಬು ತುಂಬಿಕೊಂಡು ನಮ್ಮ ಬಸ್ಸಿನ ಮುಂದೆ ಸದ್ದಿಲ್ಲದೆ ಹೋಗುತ್ತಿತ್ತು. ಯಜಮಾನರು ಅದನ್ನು ಬಹಳ ಹೊತ್ತು ನೋಡಿದರು.

"ಏನ ಖೋಡಿ ಊರಲೇ ಇದು. ಹಾಡು ಹಚ್ಚಲಾರದ ಕಬ್ಬಿನ ಗಾಡಿ ಹೆಂಗ ನಡಿತೈತಿ?"

ಏಕಸಂಬಿಯ ರಸ್ತೆಯಲ್ಲಿ ಎರಡು ಟ್ರೇಲರ್ ಜೋಡಿಸಿಕೊಂಡು, ಊರಿಗೆಲ್ಲ ಕೇಳುವಂತೆ ಮರಾಠಿ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರುಗಳನ್ನು ಅವರು ಎಷ್ಟು ಬೈಯುತ್ತಿದ್ದರೆಂದು ನನಗೆ ಗೊತ್ತು. ಅಂತೂ ಅದರ ನೆನಪಾಗಿತ್ತು ಅವರಿಗೆ. ನಾನು ನಕ್ಕೆ. ಅವರ ಕೊರಳಲ್ಲಿ ಜೋತುಬಿದ್ದಿದ್ದ ಚಿಕ್ಕ ಚೀಲವನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿದೆ. ಇಬ್ಬರ ಪಾಸ್‌ಪೋರ್ಟೂ ಅದರಲ್ಲೇ ಇರುತ್ತವೆ.

ಬ್ಯಾಂಕು

ಬಾಗಿಲಲ್ಲಿ ಕಾವಲಿಗೆ ಒಬ್ಬ ಹೆಂಗಸು ನಿಂತಿದ್ದಳು. ಯಜಮಾನರು ನೇರ ಹೋಗಿ, "ಅಕೌಂಟ್ ಓಪನಿಂಗ್, ಹತ್ತು ಗಂಟೆ ಟೈಮ್" ಅಂದರು.

"ಬೋಂಜೂರ್, ಮೊಸ್ಯೇ" ಅಂದಳು ಆಕೆ.

"ಹಾಂ, ಅಕೌಂಟ್ ಓಪನಿಂಗ್..."

"ಬೋಂಜೂರ್, ಮೊಸ್ಯೇ."

ನಮಸ್ಕಾರ ಸಾಹೇಬರೇ, ಅಂತ ಅದರ ಅರ್ಥ. ಮುಖದಲ್ಲಿ ಸಿಟ್ಟಿಲ್ಲ, ನಗುವೇ ಇತ್ತು. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ. ನಾನು ಹಿಂದಿನಿಂದ ಅಂಗಿ ಜಗ್ಗಿ, "ಮೊದಲ ನಮಸ್ಕಾರ ಹೇಳ್ರಿ" ಅಂದೆ. ಇವರು ತೊದಲುತ್ತ ಬೋಂಜೂರ್ ಅಂದರು, ಬಾಗಿಲು ತೆರೆಯಿತು. ಇಲ್ಲಿ ಹೀಗೆಯೇ. ಟೊಮ್ಯಾಟೊ ಕೊಳ್ಳುವುದಿರಲಿ, ದಾರಿ ಕೇಳುವುದಿರಲಿ, ಮೊದಲು ಎದುರಿಗಿರುವವರಿಗೆ ನಮಸ್ಕಾರ. ನಮ್ಮೂರ ಬ್ಯಾಂಕಿನಲ್ಲಿ ಎಷ್ಟೋ ಜನರ ಭುಜದ ಮೇಲಿಂದ ಕೈ ತೂರಿಸಿ, "ಇದೊಂದು ಪಾಸ್‌ಬುಕ್ ಹೊಡದ ಕೊಡ್ರೀ ಸಾಹೇಬ್ರ" ಎನ್ನುವ ನಮಗೆ ಇದು ಹಿಡಿಸಲು ದಿನ ಹಿಡಿದವು. ಹಿಡಿಸಿದ ಮೇಲೆ ಮಾತ್ರ ಬಿಡಲಾಗುವುದಿಲ್ಲ.

ನಮ್ಮನ್ನು ಗಾಜಿನ ಕೋಣೆಯೊಂದರಲ್ಲಿ ಕೂಡಿಸಿಕೊಂಡವನ ಹೆಸರು ಕೆವಿನ್. ಮಗಳಿಗಿಂತ ಚಿಕ್ಕವನು. ಟೈ ಬಿಗಿಯಾಗಿ ಕಟ್ಟಿದ್ದ, ಮೇಜಿನ ಮೇಲೆ ಪೆನ್ನುಗಳನ್ನು ಉದ್ದದ ಪ್ರಕಾರ ಜೋಡಿಸಿದ್ದ. ಇಂಗ್ಲಿಷಿನಲ್ಲೇ ಮಾತು. ಮೊದಲಿಗೆ ಊರಿನ ವಿಳಾಸ. ಯಜಮಾನರು ಚೀಲದಿಂದ ತೆಗೆದುಕೊಟ್ಟ ನಮ್ಮ ಪಾಸ್‌ಪೋರ್ಟುಗಳಲ್ಲಿ ಇರುವುದು "ಹಳೇ ತಂಬಾಕು ಗೋಡೌನ್ ಹಿಂದೆ, ನಿಪ್ಪಾಣಿ" ಎಂದು.

"ಗೋಡೌನಿನ ನಂಬರು ಎಷ್ಟು, ಸರ್?"

"ಅದಕ್ಕೆ ನಂಬರಿಲ್ಲ."

"ಸರಿ, ಅದು ಯಾವ ರಸ್ತೆಯಲ್ಲಿದೆ?"

"ಅದು ಈಗ ಇಲ್ಲ. ಬಿದ್ದುಹೋಗಿ ಎಷ್ಟೋ ವರ್ಷ ಆಯಿತು."

ಕೆವಿನ್ ಪೆನ್ನು ಕೆಳಗಿಟ್ಟ. "ಅಂದರೆ, ಇಲ್ಲದ ಕಟ್ಟಡದ ಹಿಂದೆ ನಿಮ್ಮ ಮನೆ ಇದೆ?"

"ಯೆಸ್, ಕರೆಕ್ಟ್," ಎಂದರು ಯಜಮಾನರು, ಕೊನೆಗೂ ಒಬ್ಬನಿಗೆ ತಿಳಿಯಿತಲ್ಲ ಎಂಬ ಸಮಾಧಾನದಿಂದ. "ಪೋಸ್ಟ್‌ಮ್ಯಾನ್ ಬರೋಬರಿ ಬರ್ತಾನೆ."

ಅದನ್ನೂ ಅವನು ಹೇಗೋ ಬರೆದುಕೊಂಡ. ಊರಿನ ಬ್ಯಾಂಕು ಕೊಟ್ಟ ಪತ್ರ, ಬಾಡಿಗೆ ಮನೆಯ ಕರಾರು, ಅಥಣಿ ಕಡೆ ಗುತ್ತಿಗೆಗೆ ಕೊಟ್ಟ ದ್ರಾಕ್ಷಿ ತೋಟದ ಪಹಣಿ ಉತಾರ, ಎಲ್ಲಾ ಒಂದೊಂದಾಗಿ ದಾಟಿದವು. ಆಮೇಲೆ ಅವನು ಬಹಳ ಮರ್ಯಾದೆಯಿಂದ, "ಇನ್ನು ಮದಾಮ್ ಒಬ್ಬರೊಂದಿಗೆ ಮಾತಾಡಬೇಕು. ಜಂಟಿ ಖಾತೆಗೆ ಇದು ನಮ್ಮ ನಿಯಮ. ಸರ್, ನೀವು ಹೊರಗೆ ಕೂತಿರಿ" ಅಂದ. ಇಳಿವಯಸ್ಸಿನವರನ್ನು ಮನೆಯವರೇ ಹೆದರಿಸಿ ಸಹಿ ಹಾಕಿಸಿಕೊಳ್ಳುವುದುಂಟಂತೆ, ಅದಕ್ಕೆ ಒಬ್ಬೊಬ್ಬರನ್ನೇ ಕೇಳುವುದು. ಒಳ್ಳೆಯ ನಿಯಮವೇ ಅನ್ನಿಸಿತು ನನಗೆ. ಯಜಮಾನರು ಹೊರಗಿನ ಕುರ್ಚಿಯಲ್ಲಿ, ಕೊರಳ ಚೀಲದ ಮೇಲೆ ಎರಡೂ ಕೈ ಇಟ್ಟು ಕೂತದ್ದು ಗಾಜಿನಿಂದ ಕಾಣುತ್ತಿತ್ತು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಸಿಸ್ಟರುಗಳು ಕಲಿಸಿದ್ದು ಎರಡು: ಬೆನ್ನು ನೆಟ್ಟಗಿರಲಿ, ಉತ್ತರ ಪೂರ್ಣ ವಾಕ್ಯದಲ್ಲಿರಲಿ. ನನ್ನ ಹೆಸರು ಸುಮನ. ನಾನು ಅಥಣಿಯಲ್ಲಿ ಹುಟ್ಟಿದವಳು. ನಾನು ಗೃಹಿಣಿ. ಎಲ್ಲಾ ಪೂರ್ಣ ವಾಕ್ಯ.

"ನಿಮ್ಮ ಪತಿಯ ಹೆಸರು?"

ನಾನು ಮುಗುಳ್ನಕ್ಕು, ಅವನ ಮುಂದಿದ್ದ ಪಾಸ್‌ಪೋರ್ಟನ್ನು ಬೆರಳಿನಿಂದ ತೋರಿಸಿದೆ.

"ನನಗೆ ಕಾಣುತ್ತದೆ, ಮದಾಮ್. ಆದರೆ ನೀವು ಬಾಯಿಂದ ಹೇಳಬೇಕು. ಹೇಳಿಕೆಯ ಧ್ವನಿ ಮುದ್ರಿಸಿಕೊಳ್ಳುತ್ತೇವೆ."

"ಅವರು ಅಲ್ಲಿ ಹೊರಗೆ ಕೂತಿದ್ದಾರೆ."

"ಹೌದು. ಅವರ ಹೆಸರು?"

ಇದನ್ನು ಹೇಗೆ ಹೇಳಲಿ? ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ನನ್ನ ಮಗಳು ಅಳಿಯನನ್ನು ಮನೆ ತುಂಬ ಹೆಸರು ಹಿಡಿದು ಕೂಗುತ್ತಾಳೆ, ಅವನು ಗುಂಡುಕಲ್ಲಿನ ಹಾಗಿದ್ದಾನೆ. ನಾನೂ ಇದನ್ನೆಲ್ಲ ನಂಬುವವಳಲ್ಲ. ಅರ್ಜಿಯಲ್ಲಿ ಬರೆ ಅಂದರೆ ಸಲೀಸಾಗಿ ಬರೆಯುತ್ತೇನೆ. ಆದರೆ ನಂಬುವುದಿಲ್ಲ ಅಂತ ತೋರಿಸಲು, ಸ್ಟೆಂಟ್ ಕೂಡಿಸಿದ ಎದೆಯ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ.

"ನಮ್ಮಲ್ಲಿ ಹೆಸರು ಹೇಳುವುದಿಲ್ಲ," ಅಂದೆ.

ಅವನ ಮುಖದಲ್ಲಿ ಏನೋ ಬದಲಾಯಿತು. ಎದ್ದು ಬಾಗಿಲು ಮುಚ್ಚಿದ. ಲೋಟಕ್ಕೆ ನೀರು ಬಗ್ಗಿಸಿ ನನ್ನ ಮುಂದೆ ಸರಿಸಿದ. ದನಿ ತಗ್ಗಿಸಿ, "ಹೇಳಬಾರದೆಂದು ಅವರು ಹೇಳಿದ್ದಾರೆಯೇ?" ಅಂದ.

"ಛೇ ಛೇ, ಇಲ್ಲ."

"ನಿಮ್ಮ ಪಾಸ್‌ಪೋರ್ಟು ಯಾರ ಹತ್ತಿರ ಇರುತ್ತದೆ, ಮದಾಮ್?"

ನಾನು ಹೊರಗೆ ನೋಡಿದೆ. ಯಜಮಾನರು ಚೀಲವನ್ನು ಎದೆಗವಚಿಕೊಂಡು ಕೂತಿದ್ದರು. ಕೆವಿನ್‌ನೂ ಅತ್ತಲೇ ನೋಡಿದ. ನನಗೆ ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಪಾಪ, ಅವನು ಅದನ್ನು ಅಳು ಎಂದುಕೊಂಡ. ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನೂ ನನ್ನ ಕಡೆ ಸರಿಸಿದ.

"ನೋಡಿ, ಅವಸರವಿಲ್ಲ. ಸದ್ಯಕ್ಕೆ ಖಾತೆಯನ್ನು ಅವರೊಬ್ಬರ ಹೆಸರಿನಲ್ಲೇ ತೆರೆಯೋಣ. ನಿಮ್ಮ ಹೆಸರು ಬೇಡ. ನೀವು ಯಾವುದಕ್ಕೂ ಸಹಿ ಹಾಕಬೇಕಾಗಿಲ್ಲ."

ಅವನ ಕಣ್ಣಲ್ಲಿ ಅದು ನನ್ನನ್ನು ಕಾಪಾಡುವ ದಾರಿ. ಆದರೆ ಹಾಗಾದರೆ ನಾಳೆಯೇ ಗಂಟು ಕಟ್ಟುವುದು ಖಂಡಿತ. ಹೊರಗಿರುವ ಮನುಷ್ಯ ಮಾತಿಗೆ ತಪ್ಪುವವರಲ್ಲ. ಆಗಲಿ ಬಿಡಪ್ಪ ಎನ್ನುವುದು ನನ್ನ ಹುಟ್ಟುಗುಣ. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡು, "ನನ್ನ ಹೆಸರು ಬೇಕು. ನಿಮ್ಮ ಹಿರಿಯರು ಯಾರಾದರೂ ಇದ್ದರೆ ಕರೆಯಿರಿ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಮದಾಮ್ ಸಖಾರಾಂ

ಬಂದವರು ನನ್ನ ವಯಸ್ಸಿನ ಹೆಂಗಸು. ಕತ್ತರಿಸಿದ ಬಿಳಿಗೂದಲು, ಕಪ್ಪು ಕೋಟು. ಎದೆಯ ಮೇಲಿನ ಪಟ್ಟಿಯಲ್ಲಿ ಸಖಾರಾಂ ಎಂದಿತ್ತು. ಇಲ್ಲಿ ಹಡಗಿನಿಂದ ಇಳಿದ ಮುತ್ತಜ್ಜನ ಹೆಸರೇ ಮನೆತನದ ಅಡ್ಡಹೆಸರಾಗಿ ಉಳಿದುಬಿಟ್ಟಿದೆ. ನಿಪ್ಪಾಣಿಯಲ್ಲಿ ಯಾವುದಾದರೂ ಸಂದಿಯಲ್ಲಿ ನಿಂತು "ಸಖಾರಾಮ್" ಎಂದು ಕೂಗಿದರೆ ನಾಲ್ಕು ಮನೆಯಿಂದ ಓಗೊಡುತ್ತಾರೆ. ಈ ಹೆಂಗಸಿನ ಹಿಂದೆ ಎಲ್ಲೋ ನಮ್ಮ ಕೊಗನೊಳ್ಳಿ ಗಡಿಯಾಚೆಯ ಮರಾಠಿ ಸೀಮೆಯ ಒಬ್ಬ ಸಖಾರಾಮ ಇರಬೇಕೆನಿಸಿ ನನಗೆ ಒಮ್ಮೆಲೇ ಹತ್ತಿರದವಳನ್ನು ಕಂಡಂತಾಯಿತು.

ಕೆವಿನ್ ಕ್ರಿಯೋಲಿನಲ್ಲಿ ಪಿಸುಗುಟ್ಟಿದ. ಆಕೆ ಕೇಳುತ್ತ ನನ್ನ ಹಸಿರು ಬಳೆ ನೋಡಿದರು, ಕರಿಮಣಿ ನೋಡಿದರು, ಮುಖ ನೋಡಿದರು. ಬೋಂಜೂರ್ ಹೇಳಿ, ಬಾಗಿಲನ್ನು ಅರ್ಧ ತೆರೆದಿಟ್ಟು ನನ್ನ ಪಕ್ಕದ ಕುರ್ಚಿಯಲ್ಲೇ ಕೂತರು.

"ನನ್ನ ಅಜ್ಜಿ ಅಜ್ಜನನ್ನು ಸಾಯುವತನಕ 'ಆ ಮೊಸ್ಯೇ' ಅಂತಲೇ ಕರೆಯುತ್ತಿದ್ದಳು," ಎಂದರು ಇಂಗ್ಲಿಷಿನಲ್ಲಿ. ಆಮೇಲೆ, ಬಹಳ ದಿನ ಮುಟ್ಟದ ಪೆಟ್ಟಿಗೆ ತೆರೆಯುವವರ ಹಾಗೆ ತಡೆದು ತಡೆದು, ಮರಾಠಿಯಲ್ಲಿ ಕೇಳಿದರು: "ಲಗ್ನದಲ್ಲಿ ಹೇಗೆ ಹೇಳಿದಿರಿ, ತಾಯಿ? ಹಾಡಿನ ಹಾಗೆ ಕಟ್ಟಿ ಹೇಳುತ್ತಾರಲ್ಲ, ಹಾಗೆ ಹೇಳಬಹುದಲ್ಲ?"

ಒಡಪು! ನನಗೇ ಹೊಳೆಯದ್ದು ಸಮುದ್ರದಾಚೆಯ ಸಖಾರಾಮನ ಮರಿಮೊಮ್ಮಗಳಿಗೆ ಹೊಳೆದಿತ್ತು. ಮದುವೆಯಲ್ಲಿ ನಾದಿನಿಯರು ಬಾಗಿಲು ಕಟ್ಟಿ ನಿಂತಾಗ, ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಕರೆದಾಗ, ಪ್ರಾಸ ಕಟ್ಟಿ ಅದರ ಕೊನೆಯಲ್ಲಿ ಯಜಮಾನರ ಹೆಸರು ಸೇರಿಸಿ ಹೇಳಿದರೆ ಅದಕ್ಕೆ ದೋಷವಿಲ್ಲ. ದೋಷವಿಲ್ಲದ್ದಷ್ಟೇ ಅಲ್ಲ, ಶುಭ. ನನ್ನ ಮದುವೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋದ ಒಡಪು ಮರೆತುಹೋಗಿ, ಅತ್ತಿಗೆ ಹಿಂದಿನಿಂದ ಉಸುರಿದ್ದಳು. ಇಲ್ಲಿ ಉಸುರುವವರು ಯಾರೂ ಇರಲಿಲ್ಲ. ಹಳೆಯದು ಒಂದೂ ನೆನಪಾಗಲಿಲ್ಲ. ಗಾಜಿನಾಚೆ ನೋಡಿದೆ, ಕಣ್ಣಿಗೆ ಬಿದ್ದದ್ದನ್ನೇ ಕಟ್ಟಿದೆ.

"ನಾಲ್ಕೂ ಕಡೆ ಸಮುದ್ರ, ನಡುವ ಕಬ್ಬಿನ ಪ್ರಾಂತ,
ಕೊರಳಾಗ ಚೀಲ ಹಾಕ್ಕೊಂಡು ಹೊರಗ ಕುಂತಾರ ಚಂದ್ರಕಾಂತ!"

ಮದಾಮ್ ಸಖಾರಾಂ ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಪ್ರಾಸ ಬಿದ್ದ ಕೂಡಲೇ ಚಪ್ಪಾಳೆ ತಟ್ಟಿದರು. ಹೊರಗೆ ಯಜಮಾನರು ಶಾಲೆಯಲ್ಲಿ ಹಾಜರಿ ಕೂಗಿದಂತೆ ಥಟ್ಟನೆ ಎದ್ದು ನಿಂತರು. ಒಳಗೇ ಬಂದುಬಿಟ್ಟರು.

"ಏನಾತ? ಯಾರ ಕರದ್ರು?"

"ಯಾರೂ ಕರದಿಲ್ಲ, ಹೊರಗ ನಡ್ರಿ."

"ನನ್ನ ಹೆಸರು ಕೇಳಿಸ್ತಲ್ಲ! ನಿನ್ನ ದನಿ ಇದ್ದಂಗಿತ್ತು!"

ಕೆವಿನ್ ಮುಖ ಕೆಂಪಗೆ ಮಾಡಿಕೊಂಡು ಧ್ವನಿ ಮುದ್ರಿಸುವ ಯಂತ್ರವನ್ನು ತಿರುವಿ ಮುರುವಿ ನೋಡುತ್ತಿದ್ದ. ಗಡಿಬಿಡಿಯಲ್ಲಿ ಅದರ ಗುಂಡಿ ಒತ್ತಿರಲಿಲ್ಲ. "ಕ್ಷಮಿಸಿ, ಮದಾಮ್. ಮತ್ತೊಮ್ಮೆ ಹೇಳುತ್ತೀರಾ?"

ಹೇಳಿದ್ದನ್ನೇ ಹೇಳಿದರೆ ನಮ್ಮ ಕಡೆ ನಗುತ್ತಾರೆ. ಒಡಪು ಯಾವಾಗಲೂ ಹೊಸದಿರಬೇಕು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಪಕ್ಕದ ಮೇಜುಗಳ ಹೆಣ್ಣುಮಕ್ಕಳೂ ಬಗ್ಗಿ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನಗೂ ಹುರುಪು ಬಂದಿತ್ತು.

"ಗಾಜಿನ ಖೋಲಿ, ತಣ್ಣನ ಗಾಳಿ, ಕೆವಿನ್ ಸಾಹೇಬ್ರು ಶಾಂತ,
ಮರತ ಹೋಗೂದ ಬ್ಯಾಡ, ನನ್ನ ಯಜಮಾನ್ರು ಚಂದ್ರಕಾಂತ!"

ಕೆವಿನ್ ಗಾಬರಿಯಾಗಿ, "ನನ್ನ ಹೆಸರು ಯಾಕೆ ಬಂತು?" ಅಂದ. ಮದಾಮ್ ಸಖಾರಾಂ ಅವನಿಗೆ ಕ್ರಿಯೋಲಿನಲ್ಲಿ ಏನೋ ಹೇಳಿದರು. ಅವನು ಮೊದಲು ಯಜಮಾನರನ್ನು, ಆಮೇಲೆ ಅವರ ಚೀಲವನ್ನು ನೋಡಿ ಕಿವಿಯವರೆಗೆ ನಕ್ಕ.

ಆದರೆ ಆಕೆ ನಿಯಮ ಬಿಡಲಿಲ್ಲ. ಯಜಮಾನರ ಕಡೆ ಕೈ ಎತ್ತಿ ಸುಮ್ಮನಿರಲು ಹೇಳಿ, ಯಂತ್ರವನ್ನು ನನ್ನ ಹತ್ತಿರ ಸರಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು: "ಇದು ನಿಮ್ಮ ಸ್ವಂತ ಇಚ್ಛೆಯೇ? ಯಾರಾದರೂ ಹೇಳಿದ್ದಕ್ಕೆ ಒಪ್ಪಿಕೊಂಡದ್ದೇ?"

ನಾನು ಬೆನ್ನು ನೆಟ್ಟಗೆ ಮಾಡಿದೆ. "ಈ ಖಾತೆಯಲ್ಲಿ ನನ್ನ ಹೆಸರಿರಬೇಕೆಂಬುದು ನನ್ನ ಇಚ್ಛೆ. ನಾನು ಈ ಊರಿನಲ್ಲಿ ಇರಲು ಬಯಸುತ್ತೇನೆ."

ಎರಡನೆಯ ವಾಕ್ಯ ಅವರ ಪ್ರಶ್ನೆಯಲ್ಲೇ ಇರಲಿಲ್ಲ.

ಆಮೇಲೆ ಸಹಿ. ನನ್ನ ಕಾನ್ವೆಂಟಿನ ದುಂಡಗಿನ ಸಹಿ ಒಂದೇ ಸಲಕ್ಕೆ ಪಾಸಾಯಿತು. ಯಜಮಾನರು ಕಾರ್ಖಾನೆಯಲ್ಲಿ ರಾಶಿ ರಾಶಿ ಕಾಗದಕ್ಕೆ ಗೀಚಿ ಗೀಚಿ ಕೆಡಿಸಿಕೊಂಡ ಸಹಿ ಪಾಸ್‌ಪೋರ್ಟಿಗೆ ಹೊಂದಲಿಲ್ಲವೆಂದು ಮತ್ತೆ ಮತ್ತೆ ಹಾಕಿಸಿದರು. ಅವರು ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ನೀರು ಕುಡಿಯುತ್ತ ಕೂತಿದ್ದೆ.

ಮರಳಿ ಬರುವಾಗ

ಬಸ್ ನಿಲ್ದಾಣದ ಹತ್ತಿರ ಗಾಜಿನ ಪೆಟ್ಟಿಗೆಯ ಗಾಡಿಯೊಂದರಲ್ಲಿ ದಾಲ್ ಪುರಿ ಮಾರುತ್ತಾರೆ. ಥೇಟ್ ನಮ್ಮ ಹೋಳಿಗೆ, ಕಡಲೆಬೇಳೆಯ ಹೂರಣ, ಆದರೆ ಬೆಲ್ಲವಿಲ್ಲ. ಅದರೊಳಗೆ ಪಲ್ಯ, ಖಾರದ ಚಟ್ನಿ ಸವರಿ ಸುರುಳಿ ಸುತ್ತಿ ಕೊಡುತ್ತಾರೆ. ಸಕ್ಕರೆಯ ದೇಶದಲ್ಲಿ ಹೋಳಿಗೆಗೆ ಸಿಹಿ ಹಾಕದವರನ್ನು ಯಜಮಾನರು ಇನ್ನೂ ಕ್ಷಮಿಸಿಲ್ಲ. ಅವತ್ತು ಮಾತ್ರ ಬೈಯದೆ ತಿಂದರು.

ಬಸ್ಸು ಹೊರಟ ಮೇಲೆ ನಾನು ಮೆಲ್ಲಗೆ ಕೇಳಿದೆ. "ಎದಿ ಹೆಂಗೈತ್ರಿ?"

"ಛಲೋ ಐತಿ."

ಸ್ವಲ್ಪ ಹೊತ್ತಿಗೆ ಮತ್ತೆ: "ಎಡಗೈ ಏನರೆ ಜಗ್ಗಾಕತ್ತೈತೇನು?"

ಆಗ ಅವರಿಗೆ ಹೊಳೆಯಿತು. "ಹೆಸರ ತಗೊಂಡಿದ್ದಕ್ಕೇನ? ಕಾನ್ವೆಂಟ್ ಕಲತಾಕಿ ನೀ!" ಎಂದು ನಗಲು ಶುರುಮಾಡಿದವರು ನಕ್ಕು ನಕ್ಕು ಕೆಮ್ಮತೊಡಗಿದರು. ನಾನು ಅವರ ಬೆನ್ನು ನೀವುತ್ತ ಮನಸ್ಸಿನಲ್ಲೇ ಮಾರುತಿಗೆ ತಪ್ಪೊಪ್ಪಿಗೆ, ಕಾನ್ವೆಂಟಿನ ಮಾತೆ ಮರಿಯಮ್ಮನಿಗೊಂದು ಪ್ರಾರ್ಥನೆ, ಎರಡನ್ನೂ ಸಲ್ಲಿಸಿದೆ. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ ಪೆಪ್ಪರಮಿಂಟು ಕೊಟ್ಟರು, ಬೋಂಜೂರ್ ಹೇಳಿಯೇ ಕೊಟ್ಟರು. ಕೆಮ್ಮು ನಿಂತಿತು.

ಕಬ್ಬಿನ ಹೊಲಗಳು ಶುರುವಾದ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು.

"ಇಲ್ಲಿ ಇರೂ ಮನಸೈತಿ ಅಂತ ನನ್ನ ಮುಂದ ಒಂದಿನಾನೂ ಹೇಳಿಲ್ಲಲ್ಲ. ನನ್ನ ಸಲುವಾಗಿ ಹಲ್ಲ ಕಚಗೊಂಡ ಅದೀ ಅಂತ ತಿಳದಿದ್ದೆ."

"ನೀವು ಕೇಳಿರಲಿಲ್ಲ."

"ಬ್ಯಾಂಕಿನಾಕಿ ಕೇಳಬೇಕಾತು ನೋಡು."

"ಆಕಿ ಮೊದಲ ನಮಸ್ಕಾರ ಹೇಳಿ ಕೇಳತಾಳ್ರಿ."

ಅವರು ಕೊರಳ ಚೀಲದ ಜಿಪ್ಪು ಎಳೆದು, ನನ್ನ ಪಾಸ್‌ಪೋರ್ಟು ಹುಡುಕಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಪರ್ಸಿನಲ್ಲಿ ಬಾಚಣಿಗೆಯ ಪಕ್ಕ ಇಟ್ಟುಕೊಂಡೆ.

ಸಂಜೆ, ಗೋಡೆಯ ಆಚೆ ಈಚೆ

ಸಮುದ್ರದಿಂದ ಬಂದು ನಾನು ಅಂಗಳದಲ್ಲಿ ಕಾಲಿನ ಮರಳು ತೊಳೆದುಕೊಳ್ಳುತ್ತಿದ್ದೆ. ಬೆಳಕಿನ್ನೂ ಇತ್ತು. ಗೋಡೆಯಾಚೆ ಪ್ರೇಮಾ ಆಂಟಿ ಸೀಮೆಬದನೆಯ ಬಳ್ಳಿಗೆ ನೀರು ಬಿಡುತ್ತಿದ್ದರು. ಅವರ ಮನೆಯ ಮುಂದಿನ ಬಿದಿರಿಗೆ ಕಟ್ಟಿದ ಹನುಮಂತನ ಕೆಂಪು ಬಾವುಟ ಗಾಳಿಗೆ ಪಟಪಟ ಅನ್ನುತ್ತಿತ್ತು.

"ಬ್ಯಾಂಕಿನ ಕೆಲಸ ಆಯಿತೇನು ಬೇಟಿ?"

"ಆಯಿತು ಆಂಟಿ. ಇಬ್ಬರ ಹೆಸರೂ ಹಾಕಿಕೊಂಡರು."

ಒಡಪಿನ ಕಥೆಯನ್ನೆಲ್ಲ ಹೇಳೋಣವೆಂದು ನಾನು ಸೆರಗಿಗೆ ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋದೆ. ಅವರು ಆಗಲೇ ನಲ್ಲಿ ತಿರುಗಿಸಿ, ಪೈಪನ್ನು ಸುತ್ತುತ್ತ ಒಳಗೆ ಹೊರಟಿದ್ದರು. ಬಾಗಿಲ ಹತ್ತಿರ ಹೋಗಿ, ತಿರುಗಿಯೂ ನೋಡದೆ ಅಂದರು:

"ನಾಳೆ ಕಸದ ಗಾಡಿ ಬರುತ್ತದೆ. ಇಷ್ಟು ದಿನ ನೀವು ನೆಂಟರು ಅಂತ ನಿಮ್ಮ ಡಬ್ಬಿ ನಾನೇ ಹೊರಗಿಡುತ್ತಿದ್ದೆ. ಇನ್ನು ನೀನೇ ಇಡು. ಹಾಗೇ ನಂದೂ ಇಟ್ಟುಬಿಡು."